ನೀರು ಬಿಟ್ಟು ನೂಲಾದದ್ದು
ರಾಮನಗರದಲ್ಲಿ ಬಿಸಿನೀರಿನ ತೊಟ್ಟಿಯೊಳಗೆ ಕುಣಿಯುವ ಗೂಡುಗಳಿಂದ ರೇಷ್ಮೆ ಬಿಚ್ಚುವವರ ಬೆರಳಿನ ಚುರುಕಿಗೆ ಮನಸೋಲುತ್ತೇನೆ. ಆದರೆ ಮೊದಲ ಕುಶಲಿ ಹುಳುವೇ. ಅದರ ಗ್ರಂಥಿಯಲ್ಲಿ ಫೈಬ್ರೊಯಿನ್ ಎಂಬ ಪ್ರೋಟೀನು ನೀರಿನಲ್ಲಿ ಕರಗಿದ ಗಟ್ಟಿ ಅಂಟಿನಂತಿರುತ್ತದೆ. ಹುಳು ತಲೆಯನ್ನು ಅತ್ತಿತ್ತ ಆಡಿಸುತ್ತ ಎಳೆದಂತೆಲ್ಲ ನೀರು ಹಿಂದೆ ಸರಿಯುತ್ತದೆ. ಪ್ರೋಟೀನಿನ ಸರಪಳಿಗಳು ನೀಳವಾಗಿ ಚಾಚಿಕೊಂಡು, ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದು ಪದರಗಳಾಗುತ್ತವೆ. ಬಿಡಿಬಿಡಿಯಾಗಿ ಎಷ್ಟು ಬಡ ಬಂಧಗಳು! ಒಟ್ಟುಗೂಡಿದರೆ ಕುದಿನೀರಿಗೂ ಕರಗದ ಎಳೆ. ಗ್ಲೈಸಿನ್, ಅಲನಿನ್‌ಗಳಂಥ ಪುಟಾಣಿ ಅಮೈನೋ ಆಮ್ಲಗಳೇ ಹೆಚ್ಚಿರುವುದರಿಂದ ಪದರಗಳು ಅಷ್ಟು ಒತ್ತಾಗಿ ಕೂರುತ್ತವೆ. 1955ರಲ್ಲಿ ರಸಾಯನ ವಿಜ್ಞಾನಿ ಪಾಲಿಂಗ್ ಮತ್ತು ಸಂಗಡಿಗರು ಈ ರಚನೆಯನ್ನು ವಿವರಿಸಿದರು. ಎಳೆಗಳನ್ನು ಬೆಸೆಯುವ ಸೆರಿಸಿನ್ ಮಾತ್ರ ನೀರಿಗೆ ಒಲಿಯುವಂಥದ್ದು. ಬಿಸಿ ತಾಗಿದೊಡನೆ ಮೆತ್ತಗಾಗುತ್ತದೆ, ನೂರಾರು ಮೀಟರು ನೂಲು ತುಂಡಾಗದೆ ಬಿಚ್ಚಿಕೊಳ್ಳುತ್ತದೆ.