ಕೈಗುಣ ಹುಡುಕುವ ಎರಡು ತಾಸು

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಸೋನ್ಯಾಳದಲ್ಲಿ ಯಾರಿಗಾದರೂ ಎದೆ ಹಿಡಿದರೆ ಗಾಡಿಗಿಂತ ಮೊದಲು ಫೋನು ಓಡುತ್ತದೆ. "ಹಾರ್ಟಿಗೆ ಯಾರ ಕೈಗುಣ ಚಲೋ ಐತ್ರಿ?" ಒಬ್ಬರು ವಿಜಯಪುರದ ಬೀಗರನ್ನು ಕೇಳುತ್ತಾರೆ. ಇನ್ನೊಬ್ಬರು ಮಿರಜಿನ ಔಷಧ ಅಂಗಡಿಯಲ್ಲಿ ಕೆಲಸಕ್ಕಿರುವ ಊರ ಹುಡುಗನಿಗೆ ಹಚ್ಚುತ್ತಾರೆ. ಮತ್ತೊಬ್ಬರಿಗೆ ಸೊಲ್ಲಾಪುರವೇ ಸೈ, ಯಾಕೆಂದರೆ ಅವರ ಅತ್ತೆ ಅಲ್ಲಿ 'ಸ್ಪ್ರಿಂಗ್', ಅಂದರೆ ಸ್ಟೆಂಟ್, ಹಾಕಿಸಿಕೊಂಡು ಬಂದವರು ಇವತ್ತಿಗೂ ಗಟ್ಟಿಯಾಗಿದ್ದಾರೆ. ಮೂರು ದಿಕ್ಕಿಗೆ ಮೂರು ಊರು, ಊರಿಗೊಂದು ಹೆಸರು. ಮಿರಜ್ ಅಂದರೆ ನೂರು ಕಿಲೋಮೀಟರಿನ ಆಸುಪಾಸು. ವಿಜಯಪುರ ಅದಕ್ಕಿಂತ ಹತ್ತಿರ, ಆದರೆ ನಡುವೆ ರಾಜ್ಯದ ಗಡಿ.

ನನ್ನ ಸೋದರಮಾವನಿಗೆ ಆದದ್ದನ್ನು ಹೇಳಿ ಮುಂದೆ ಹೋಗುತ್ತೇನೆ. ದಾಳಿಂಬೆಗೆ ಔಷಧ ಹೊಡೆದು ಬಂದು ಕಟ್ಟೆಯ ಮೇಲೆ ಕೂತಿದ್ದರು. ಅಂಗಿ ತೊಯ್ಯುವಷ್ಟು ಬೆವರು, ದವಡೆಯಲ್ಲಿ ನೋವು, ಹೊಟ್ಟೆಯ ಮೇಲೆ ಕಲ್ಲಿಟ್ಟಂತೆ ಭಾರ. "ಗ್ಯಾಸ್ ಆಗೇತಿ" ಎಂದು ಸೋಡಾ ಕುಡಿಸಿದೆವು. ಕಡಿಮೆಯಾಗದಿದ್ದಾಗ ಡಾಕ್ಟರರ ಹೆಸರು ಹುಡುಕುತ್ತ ಕೂತೆವು. ಎರಡು ತಾಸು ಹೋಯಿತು. ಅಷ್ಟು ಹೊತ್ತಿನಲ್ಲಿ ಒಬ್ಬರೂ ಒಂದು ಇಸಿಜಿ ತೆಗೆಸೋಣ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಕೊನೆಗೆ ಒಯ್ದ ಕಡೆ ಡಾಕ್ಟರು ಒಳ್ಳೆಯವರೇ ಸಿಕ್ಕರು, ಕೈಗುಣವೂ ಇತ್ತು, ಮಾವ ಉಳಿದರು. ಆದರೆ ಹೃದಯದ 'ಪಂಪಿಂಗ್' ಶೇಕಡಾ 35ಕ್ಕೆ ಇಳಿದಿತ್ತು. ಈಗ ಅವರು ತೋಟದ ಬದುವಿನ ತನಕ ನಡೆದು, ಅಲ್ಲಿ ಕೂತು, ಉಸಿರು ತಿರುಗಿದ ಮೇಲೆ ಎದ್ದು ಮನೆಗೆ ಬರುತ್ತಾರೆ.

ಹೀಗಾದರೂ ಕೈಗುಣದ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಬ್ಬ ಹೃದಯ ತಜ್ಞರು ವರ್ಷಕ್ಕೆ ಎಷ್ಟು ಎಂಜಿಯೋಪ್ಲಾಸ್ಟಿ ಮಾಡುತ್ತಾರೆ, ಅದರಲ್ಲಿ ಎಷ್ಟು ಕೆಡುತ್ತವೆ ಎಂಬ ಲೆಕ್ಕ ನಮ್ಮ ಕೈಗೆ ಎಲ್ಲಿಯೂ ಸಿಗುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1990ರ ದಶಕದಿಂದ ಬೈಪಾಸ್ ಮಾಡುವ ಒಬ್ಬೊಬ್ಬ ಸರ್ಜನ್ನರ ಸಾವಿನ ಪ್ರಮಾಣವನ್ನೂ ಸರ್ಕಾರವೇ ಪ್ರಕಟಿಸುತ್ತ ಬಂದಿದೆ. ಅದಕ್ಕೂ ಆಕ್ಷೇಪಗಳಿವೆ: ಲೆಕ್ಕ ಕೆಟ್ಟೀತೆಂದು ಕಷ್ಟದ ರೋಗಿಯನ್ನು ಮುಟ್ಟಲು ಸರ್ಜನ್ನರು ಹಿಂಜರಿಯುತ್ತಾರೆ ಎಂಬುದು ಮುಖ್ಯವಾದದ್ದು. ಇರಲಿ, ಅಲ್ಲಿ ವಾದ ಮಾಡಲು ಒಂದು ಲೆಕ್ಕವಾದರೂ ಇದೆ. ಇಲ್ಲಿ ನಮ್ಮ ಮಂದಿ ತಮ್ಮ ಕಣ್ಣಿಗೆ ಕಂಡಷ್ಟನ್ನು ಅಳೆಯುತ್ತಾರೆ. ಡಾಕ್ಟರು ಮುಖ ನೋಡಿ ಮಾತಾಡಿದರೇ? ಎದೆ ಮುಟ್ಟಿ ನೋಡಿದರೇ? ಖರ್ಚು ಎಷ್ಟೆಂದು ಮೊದಲೇ ಬಾಯಿಬಿಟ್ಟು ಹೇಳಿದರೇ? ಮರುದಿನ ಮುಂಜಾನೆ ತಾವೇ ಬಂದರೇ, ಇಲ್ಲಾ ಬೇರೆಯವರನ್ನು ಕಳಿಸಿದರೇ? ಇವೆಲ್ಲ ಸೇರಿದ ಒಂದು ಮಾತು ಕೈಗುಣ. ಒಳ್ಳೆಯ ವೈದ್ಯರ ಅರ್ಧ ಲಕ್ಷಣ ಇದರಲ್ಲಿ ಬಂದೇ ಬಿಟ್ಟಿದೆ.

ಮಿರಜಿನ ಮೇಲಿನ ನಂಬಿಕೆಯೂ ಬರೀ ಗಾಳಿಮಾತಿನಿಂದ ಹುಟ್ಟಿದ್ದಲ್ಲ. ವಿಲಿಯಂ ವಾನ್‌ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಅಲ್ಲಿಂದ ಆ ಊರು ಗಡಿಯ ಎರಡೂ ಬದಿಯ ಬಡವರಿಗೆ ದವಾಖಾನೆಯ ಊರಾಯಿತು. ನಮ್ಮ ಅಜ್ಜಿಯರ ಬಾಯಲ್ಲಿ 'ಮಿರಜಿಗೆ ಒಯ್ದರು' ಅಂದರೆ ಕೊನೆಯ ಪ್ರಯತ್ನವೂ ನಡೆಯಿತು ಎಂದೇ ಅರ್ಥ.

ಆದರೆ ಈ ಅಳತೆಗೋಲಿನಲ್ಲಿ ಎರಡು ದೊಡ್ಡ ದೋಷಗಳಿವೆ. ಒಂದು, ಕೈಗುಣದ ಕಥೆ ಹೇಳುವವರೆಲ್ಲ ಬದುಕಿ ಬಂದವರು. ಅದೇ ಡಾಕ್ಟರರ ಕೈಯಲ್ಲಿ ಹೋದವರ ಮನೆಯವರು ಹಣೆಬರಹ ಎಂದು ಸುಮ್ಮನಾಗುತ್ತಾರೆ, ಅವರ ಮಾತು ಕಟ್ಟೆಯ ತನಕ ಬರುವುದಿಲ್ಲ. ಇನ್ನೊಂದು ದೋಷ ಇದಕ್ಕಿಂತ ಭಾರಿಯಾದದ್ದು. ಎದೆನೋವಿನಲ್ಲಿ ಎರಡು ಬಗೆ ಇವೆ. ಎರಡಕ್ಕೂ ನಾವು ಒಂದೇ ರೀತಿಯಲ್ಲಿ ಡಾಕ್ಟರರನ್ನು ಹುಡುಕುತ್ತೇವೆ.

ರಕ್ತನಾಳ ಒಮ್ಮೆಲೇ ಪೂರ್ತಿ ಮುಚ್ಚಿಕೊಂಡು ಹೃದಯಾಘಾತವಾದಾಗ ಹುಡುಕುತ್ತ ಕೂಡುವುದೇ ಅಪಾಯ. ವೈದ್ಯಕೀಯದ ನಿಯಮ ಇಷ್ಟು: ರೋಗಿ ಮೊದಲ ದವಾಖಾನೆ ಮುಟ್ಟಿದ 10 ನಿಮಿಷದಲ್ಲಿ ಇಸಿಜಿ ಆಗಬೇಕು. ಅದರಲ್ಲಿ ಆಘಾತ ಕಂಡರೆ 120 ನಿಮಿಷದೊಳಗೆ ಎಂಜಿಯೋಪ್ಲಾಸ್ಟಿ ಆಗುವಂತಿರಬೇಕು. ಅಷ್ಟರಲ್ಲಿ ಆಗದು ಎಂದಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಹತ್ತಿರದಲ್ಲೇ ಕೊಟ್ಟು, ಆಮೇಲೆ ದೊಡ್ಡ ಊರಿಗೆ ಕಳಿಸಬೇಕು. ಆ ಇಂಜೆಕ್ಷನ್ ಮೊದಲ ಮೂರು ತಾಸಿನಲ್ಲಿ ಚಲೋ ಕೆಲಸ ಮಾಡುತ್ತದೆ, ಹೊತ್ತು ಹೋದಂತೆ ಅದರ ಬಲ ಕುಗ್ಗುತ್ತದೆ. ಸೋನ್ಯಾಳದಿಂದ ಮಿರಜಿನ ದಾರಿಯನ್ನು ಈ 120 ನಿಮಿಷದ ಪಕ್ಕದಲ್ಲಿಟ್ಟು ನೋಡಿ. ಮಾವನಿಗೆ ಎದೆ ಹಿಡಿದಾಗ ನಮಗೆ ಬೇಕಾಗಿದ್ದದ್ದು ಮಾಡಗ್ಯಾಳದಲ್ಲೋ ಜತ್ತದಲ್ಲೋ ಒಂದು ಇಸಿಜಿ ಯಂತ್ರ, ಅದರ ಪಟ್ಟಿ ಓದಬಲ್ಲ ಒಬ್ಬರು. ಹೆಸರಾಂತ ತಜ್ಞರು ಆಮೇಲಿನ ಮಾತು. ಕರ್ನಾಟಕದಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆ ಇದೇ ತಿಳುವಳಿಕೆಯ ಮೇಲೆ ನಿಂತಿದೆ: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ಅದನ್ನು ಜಯದೇವದಂಥ ಕೇಂದ್ರದ ತಜ್ಞರು ದೂರದಿಂದಲೇ ಓದುವುದು, ಬೇಕಾದವರಿಗೆ ಅಲ್ಲೇ ಇಂಜೆಕ್ಷನ್. ನಾನು ನೋಡಿದ ಹೃದಯದ ಯೋಜನೆಗಳಲ್ಲಿ ಹಳ್ಳಿಯ ದೂರವನ್ನು ಅರ್ಥ ಮಾಡಿಕೊಂಡದ್ದು ಇದು.

ಇನ್ನೊಂದು ಬಗೆಯ ನೋವು ಬೇರೆ. ತಿಂಗಳುಗಟ್ಟಲೆಯಿಂದ ದಿಬ್ಬ ಹತ್ತಿದಾಗ ಎದೆ ಬಿಗಿಯುತ್ತದೆ, ನಿಂತರೆ ಹೋಗುತ್ತದೆ. ಇಲ್ಲಿ ಯೋಚಿಸಲು ದಿನಗಳೇ ಇವೆ. ಹುಡುಕಬೇಕು, ಕೇಳಬೇಕು, ಇನ್ನೊಬ್ಬರಿಗೆ ತೋರಿಸಬೇಕು. ಇಲ್ಲೇ ನಮ್ಮನ್ನು ಅವಸರಕ್ಕೆ ದೂಡುತ್ತಾರೆ. ಆ ಗಳಿಗೆಯನ್ನು ನಾನು ಬಾಗಿಲ ಬಳಿ ನಿಂತು ಕಂಡಿದ್ದೇನೆ. ಒಬ್ಬ ಹುಡುಗನ ತಂದೆ ಒಳಗೆ ಎಂಜಿಯೋಗ್ರಾಫಿಯ ಮೇಜಿನ ಮೇಲೆ. ಮಗನನ್ನು ಹೊರಗಿನಿಂದ ಕರೆದರು. ಅವನು ಚಪ್ಪಲಿ ಬಿಟ್ಟು, ಅಲ್ಲಿದ್ದ ಯಾರದೋ ದೊಡ್ಡ ಅಳತೆಯ ಹಸಿರು ಚಪ್ಪಲಿ ಮೆಟ್ಟಿ ಒಳಗೆ ಹೋದ. ಪರದೆಯ ಮೇಲೆ ಕರಿ ದಾರದಂಥ ನಾಳಗಳು. "ಇಲ್ಲಿ ನೋಡ್ರಿ, 90 ಪರ್ಸೆಂಟ್ ಬ್ಲಾಕ್. ಈಗ ಹಾಕಿಬಿಡೋಣೇನು?" ಕೈಯಲ್ಲಿ ಮರಾಠಿಯ ಒಪ್ಪಿಗೆ ಪತ್ರ ಇಟ್ಟರು. ಕಬ್ಬು ಕಡಿಯಲು ಹೋಗುವ ಆ ಹುಡುಗ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದವನು. ಡಾಕ್ಟರರ ಮುಖ ನೋಡಿದ, ಪರದೆ ನೋಡಿದ, ಸಹಿ ಮಾಡಿದ. ಎರಡು ನಿಮಿಷವೂ ಆಗಲಿಲ್ಲ. ಅದನ್ನು ಒಪ್ಪಿಗೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಮಗ ಒಪ್ಪಿದ್ದು ಭಯಕ್ಕೆ.

ಆ ಸ್ಟೆಂಟ್ ಬೇಕಿತ್ತೋ ಇಲ್ಲವೋ ಹೇಳಲು ನಾನು ವೈದ್ಯನಲ್ಲ. ಆದರೆ ಕೇಳಬಹುದಾಗಿದ್ದ ಪ್ರಶ್ನೆಯೊಂದಿತ್ತು. 37 ದೇಶಗಳ 5,179 ರೋಗಿಗಳನ್ನು ಸೇರಿಸಿಕೊಂಡ 'ಇಸ್ಕೀಮಿಯಾ' ಎಂಬ ದೊಡ್ಡ ಅಧ್ಯಯನದ ಫಲ 2019ರಲ್ಲಿ ಹೊರಬಂತು. ಸ್ಥಿರವಾಗಿರುವ ಹೃದಯರೋಗದಲ್ಲಿ ಆರಂಭದಲ್ಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೂ, ಮೊದಲು ಒಳ್ಳೆಯ ಔಷಧದಲ್ಲೇ ಇದ್ದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಹೆಚ್ಚಿದ್ದವರಿಗೆ ಸ್ಟೆಂಟಿನಿಂದ ನೋವು ಕಡಿಮೆಯಾಯಿತು, ಅದೂ ಸಣ್ಣ ಮಾತಲ್ಲ. ಎಡ ಮುಖ್ಯ ನಾಳದಲ್ಲೇ ಅಡ್ಡಿ ಇದ್ದವರ ಮಾತು ಬೇರೆ, ಅವರನ್ನು ಆ ಅಧ್ಯಯನದಲ್ಲಿ ಸೇರಿಸಿರಲಿಲ್ಲ. ಇಷ್ಟು ತಿಳಿದಿದ್ದರೆ ಮಗ ಕೇಳಬಹುದಿತ್ತು: "ಇದು ಇವತ್ತೇ ಆಗಬೇಕೇನ್ರಿ? ಗುಳಿಗಿ ಮ್ಯಾಲೆ ನೋಡಾಕ ಬರ್ತದೇನ್ರಿ?" ಈ ಪ್ರಶ್ನೆಗೆ ಡಾಕ್ಟರರು ಯಾವ ರೀತಿ ಉತ್ತರ ಕೊಡುತ್ತಾರೆ ಎಂಬುದರಲ್ಲಿ ನಿಜವಾದ ಕೈಗುಣ ಗೊತ್ತಾಗುತ್ತದೆ. ಸಿಟ್ಟಾದರೆ ಒಂದು ಉತ್ತರ, ಕುರ್ಚಿ ಎಳೆದು ಕೂತು ಹೇಳಿದರೆ ಇನ್ನೊಂದು.

ಸ್ಟೆಂಟಿನ ಬೆಲೆಯ ಭಯ ಈಗ ಸ್ವಲ್ಪ ಇಳಿದಿದೆ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಔಷಧ ಸವರಿದ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮುಂಚೆ ಲಕ್ಷ ದಾಟುತ್ತಿತ್ತು. ಆದರೆ ರೋಗಿಯನ್ನು ಕಳಿಸಿದವರಿಗೆ ಹೋಗುವ ಪಾಲು, ನಮ್ಮ ಭಾಗದಲ್ಲಿ 'ಕಟ್' ಎಂದೇ ಹೆಸರಾದದ್ದು, ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ವೈದ್ಯಕೀಯ ಪರಿಷತ್ತಿನ 2002ರ ನಿಯಮ ಅದನ್ನು ನಿಷೇಧಿಸಿದೆ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಅದನ್ನು ತಡೆಯಲೆಂದೇ ಒಂದು ಕಾನೂನಿನ ಕರಡು ಸಿದ್ಧಪಡಿಸಿತು. ರೋಗವೇ ಇಲ್ಲದಿದ್ದರೆ ಸರ್ಕಾರ ಮದ್ದು ಅರೆಯುತ್ತಿರಲಿಲ್ಲ. ಹಳ್ಳಿಯ ಡಾಕ್ಟರರು ಒಂದೇ ಹೆಸರನ್ನು ಒತ್ತಿ ಒತ್ತಿ ಹೇಳಿದಾಗ "ಯಾಕೆ ಅವರೇ?" ಎಂದು ಕೇಳುವುದು ಅವಮಾನವಲ್ಲ. ಹೆಚ್ಚಿನವರಿಗೆ ಪ್ರಾಮಾಣಿಕ ಉತ್ತರ ಇದ್ದೇ ಇರುತ್ತದೆ.

ಗಡಿಯ ಕಷ್ಟ ಬೇರೆ. ನಮ್ಮ ರೇಷನ್ ಕಾರ್ಡು ಮಹಾರಾಷ್ಟ್ರದ್ದು, ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆ ಮಿರಜ್, ಸಾಂಗಲಿ, ಸೊಲ್ಲಾಪುರದ ಕಡೆ ಕೈ ತೋರಿಸುತ್ತದೆ. ನಾಲಿಗೆ ಮತ್ತು ಬೀಗತನ ವಿಜಯಪುರದ ಕಡೆ ಎಳೆಯುತ್ತವೆ. ಕೇಂದ್ರದ ಆಯುಷ್ಮಾನ್ ಕಾರ್ಡಿಗೆ ರಾಜ್ಯದ ಗಡಿ ಇಲ್ಲ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ. ಕರ್ನಾಟಕದ 865 ಗಡಿ ಊರುಗಳಿಗೆ ತನ್ನ ಯೋಜನೆ ಹಬ್ಬಿಸಲು ಮಹಾರಾಷ್ಟ್ರ ಮುಂದಾದಾಗ ದೊಡ್ಡ ಜಗಳವಾಯಿತು. ಭಾಷೆಯ ರಾಜಕಾರಣ ಒತ್ತಟ್ಟಿಗಿಟ್ಟು ನೋಡಿದರೆ, ಗಡಿಯ ರೋಗಿಗೆ ತನ್ನ ಮಾತು ತಿಳಿಯುವ ದವಾಖಾನೆ ಬೇಕೆಂಬುದು ಎರಡೂ ಬದಿಯಲ್ಲಿ ಒಂದೇ ಸತ್ಯ. ಮಿರಜಿನ ಎಷ್ಟೋ ಡಾಕ್ಟರು ಕನ್ನಡದಲ್ಲೇ ಮಾತಾಡಿಸುತ್ತಾರೆ, ಅವರ ಋಣ ದೊಡ್ಡದು. ಕಾಗದವೂ ಕನ್ನಡದಲ್ಲಿದ್ದರೆ ಆ ಹುಡುಗ ಓದಿ ಸಹಿ ಮಾಡುತ್ತಿದ್ದ.

ಮನೆಗೆ ಬಂದ ಮೇಲಿನ ಕಥೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಗುಳಿಗೆಗಳನ್ನು ಆರು ತಿಂಗಳಿಂದ ವರ್ಷದ ತನಕ, ಡಾಕ್ಟರು ಹೇಳಿದಷ್ಟು ಕಾಲ, ಒಂದು ದಿನವೂ ತಪ್ಪಿಸಬಾರದು. "ಈಗ ಆರಾಮ ಐತಿ" ಎಂದು ಬಿಟ್ಟವರನ್ನು ನಾನು ಬಲ್ಲೆ. ಒಂದು ದಿನದ ದೊಡ್ಡ ಡಾಕ್ಟರರಿಗಾಗಿ ಇಷ್ಟು ಹುಡುಕುವ ನಾವು, ತಿಂಗಳಿಗೊಮ್ಮೆ ಬಿಪಿ ನೋಡಿ ಗುಳಿಗೆ ಎಣಿಸುವ ಹತ್ತಿರದ ಡಾಕ್ಟರರನ್ನು ಯಾಕೆ ಹುಡುಕುವುದಿಲ್ಲ? ಹೃದಯದ ರೋಗಿಗೆ ಹತ್ತು ವರ್ಷ ಬೇಕಾಗುವವರು ಅವರೇ.

ಊರಿನವರಿಗೆ ನನ್ನ ಬೇಡಿಕೆ ಸಣ್ಣದು. ಮಾವನ ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿಟ್ಟಿದ್ದ ಇಸಿಜಿ ಪಟ್ಟಿಗಳನ್ನು ಹೋದ ಬೇಸಿಗೆಯಲ್ಲಿ ತೆಗೆದು ನೋಡಿದೆ. ಬಿಸಿಲಿನ ಕಾವಿಗೆ ಗೆರೆಗಳೆಲ್ಲ ಅಳಿಸಿ ಕಾಗದ ಬಿಳಿಯಾಗಿತ್ತು. ಆ ಕಾಗದವೇ ಅಂಥದು, ಶಾಖಕ್ಕೆ ಉಳಿಯುವುದಿಲ್ಲ. ತೆಗೆಸಿದ ದಿನವೇ ಝೆರಾಕ್ಸ್ ಮಾಡಿಸಿ, ಫೋಟೋ ಹೊಡೆದು ಮಗಳ ಮೊಬೈಲಿನಲ್ಲೂ ಇಡಿ. ದವಾಖಾನೆಯಿಂದ ಎಂಜಿಯೋಗ್ರಾಫಿಯ ಸಿಡಿ ಕೇಳಿ ಪಡೆಯಿರಿ. ಬರೆದು ಕೇಳಿದರೆ 72 ತಾಸಿನೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ ಅದೇ 2002ರ ನಿಯಮ ಹೇಳುತ್ತದೆ. ಬೇರೆ ತಜ್ಞರಿಗೆ ತೋರಿಸುವುದು ರೋಗಿಯ ಹಕ್ಕೆಂದು ಮಾನವ ಹಕ್ಕು ಆಯೋಗದ 2018ರ ಸನ್ನದಿನಲ್ಲಿದೆ. ಎದೆ ಹಿಡಿದ ರಾತ್ರಿ ಮಾತ್ರ ಯಾರ ಹೆಸರನ್ನೂ ಹುಡುಕಬೇಡಿ. ಆಂಬುಲೆನ್ಸಿನ ಸಂಖ್ಯೆ ಗಡಿಯ ಈಚೆಗೂ 108, ಆಚೆಗೂ 108.