ಬಾನೆಟ್ ತಗ್ಗಿಸಿಕೊಂಡ ಜೀಪುಗಳು

ಹಳೇ ಜೀಪಿನ ಹುಚ್ಚು ಹತ್ತಿದವರು ಗಾಡಿ ಕಂಡ ಕೂಡಲೇ ಎಣಿಸಲು ಶುರುಮಾಡುತ್ತಾರೆ. ಮುಂದಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳಿದ್ದರೆ ಯುದ್ಧಕಾಲದ್ದು, ಏಳಿದ್ದರೆ ಆಮೇಲೆ ಬಂದ ನಾಗರಿಕ ಜೀಪು. ಬೋಲ್ಟಿನ ತಲೆ ಮೇಲೆ ‘ಎಫ್’ ಅಕ್ಷರ ಕಂಡರೆ ಫೋರ್ಡ್ ಕಾರ್ಖಾನೆಯ ಮಾಲು. ವಿಲ್ಲಿಸ್ ಕಂಪನಿಯ ನಕ್ಷೆಯಂತೆ ಜೀಪು ಕಟ್ಟಿದರೂ ಫೋರ್ಡ್ ತನ್ನ ಬಿಡಿಭಾಗಗಳ ಮೇಲೆ ಗುರುತು ಒತ್ತದೆ ಬಿಡುತ್ತಿರಲಿಲ್ಲ. 1941ರಿಂದ 1945ರೊಳಗೆ ಈ ಎರಡು ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಹೊರಬಿಟ್ಟವು. ಅಷ್ಟು ದೊಡ್ಡ ರಾಶಿಯಲ್ಲಿ ಒಂದೊಂದರ ಕುಲಗೋತ್ರ ಹೇಳಬಲ್ಲ ಹವ್ಯಾಸಿಗಳ ಕಣ್ಣನ್ನು ಮೆಚ್ಚಲೇಬೇಕು. ಆದರೆ ಗಾಡಿ ಹುಟ್ಟಿದ ದಿನ ಹೇಗಿತ್ತು ಅನ್ನುವುದರಾಚೆಗೆ ಆ ಕಣ್ಣು ಹಾಯುವುದಿಲ್ಲ. ನನ್ನ ತಕರಾರು ಅಲ್ಲಿದೆ.

ನಮ್ಮ ಜೀಪಿನ ಕತೆ ತೆಗೆದುಕೊಳ್ಳಿ. ಯುದ್ಧದ ಜೀಪಿನ 60 ಅಶ್ವಶಕ್ತಿಯ ‘ಗೋ ಡೆವಿಲ್’ ಇಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನೊಳಗೇ ಇದ್ದವು. ಅದರ ಬದಲು ಬಂದ ‘ಹರಿಕೇನ್’ ಇಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವನ್ನು ಮೇಲಿನ ಹೆಡ್ಡಿಗೆ ಏರಿಸಿದರು. ಶಕ್ತಿ ಹೆಚ್ಚಿತು, ಜೊತೆಗೆ ಎತ್ತರವೂ. ಅದನ್ನು ಹಳೇ ಮೈಯೊಳಗೆ ಕೂರಿಸಬೇಕಲ್ಲ, 1953ರ ಸಿಜೆ-3ಬಿ ಮಾದರಿಯಲ್ಲಿ ಬಾನೆಟ್ಟನ್ನೇ ಮೇಲೆತ್ತಿಬಿಟ್ಟರು. ಮಡ್‌ಗಾರ್ಡು ಮಾತ್ರ ಮೊದಲಿನಂತೆ ತಗ್ಗಾಗಿ, ಚಪ್ಪಟೆಯಾಗಿ ಉಳಿಯಿತು. ಹೀಗಾಗಿ ಸೀಳುಗಳ ಮೇಲೆ ಒಂದು ಗೇಣು ಬೋಳು ತಗಡು. ಗಾಡಿಗೆ ಹಣೆಯೇ ದೊಡ್ಡದಾಯಿತು. ಚೆಂದ ಅಂತ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಅದು 1968ಕ್ಕೆ ನಿಂತಿತು. 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ತೊಡಗಿದ್ದ ಮಹೀಂದ್ರ ಕಂಪನಿ ಮಾತ್ರ ಈ ಹಣೆದೊಡ್ಡವನನ್ನೇ ಹಿಡಿದುಕೊಂಡು, ಉದ್ದ ಮಾಡಿ, ಡೀಸೆಲ್ ಇಂಜಿನ್ ಕೂರಿಸಿ ದಶಕಗಟ್ಟಲೆ ಸಾಕಿತು. ಮಲೆನಾಡಿನ ಕಾಫಿ ತೋಟ, ಸರ್ಕಾರಿ ಇಲಾಖೆ, ಚುನಾವಣಾ ಪ್ರಚಾರ ಎಲ್ಲ ಕಂಡಿದ್ದು ಇದೇ ಮುಖವನ್ನು.

ಈಗ ಹವ್ಯಾಸಿಗಳಿಗೆ ಈ ಮುಖ ಬೇಡ. ಹೈ ಬಾನೆಟ್ ಗಾಡಿ ಕೊಂಡು ತರುತ್ತಾರೆ, ಬಾನೆಟ್ ಕತ್ತರಿಸಿ ‘ಲೋ ಬಾನೆಟ್’ ಮಾಡಿಸುತ್ತಾರೆ, ಆಲಿವ್ ಹಸಿರು ಬಳಿದು ಬಿಳಿ ನಕ್ಷತ್ರ ಒತ್ತುತ್ತಾರೆ. ಹರಿಯಾಣದ ಮಂಡಿ ಡಬ್ವಾಲಿಯಂಥ ಊರಿಗೆ ಜೀಪು ಮಾರ್ಪಾಡಿನದೇ ಹೆಸರು. ಕೆಲಸಗಾರಿಕೆಯಲ್ಲಿ ನಾನು ಕೊಂಕು ತೆಗೆಯಲಾರೆ. ತಗಡು ಬಡಿಯುವವರ ಕೈ ನಿಜಕ್ಕೂ ಚೊಕ್ಕ. ಆದರೆ ನಲವತ್ತು ವರ್ಷ ತೋಟದ ಗೊಬ್ಬರ ಹೊತ್ತ ಗಾಡಿಗೆ ನಾರ್ಮಂಡಿಯ ವೇಷ ಹಾಕುವುದು ಸಂರಕ್ಷಣೆ ಹೇಗಾದೀತು? ಇದ್ದ ಇತಿಹಾಸ ಅಳಿಸಿ ಇಲ್ಲದ ಇತಿಹಾಸ ಅಂಟಿಸಿದಂತಾಯಿತು, ಅಷ್ಟೆ.

ವಿಚಿತ್ರವೆಂದರೆ, ಇದೇ ಜನ ಆಟಿಕೆ ಜೀಪಿನ ವಿಷಯಕ್ಕೆ ಬಂದರೆ ಬೇರೆಯೇ ನ್ಯಾಯ ಹೇಳುತ್ತಾರೆ. ಲಿವರ್‌ಪೂಲಿನ ಮೆಕ್ಯಾನೊ ಕಂಪನಿ 1946ರಲ್ಲಿ ಡಿಂಕಿ ಹೆಸರಿನಲ್ಲಿ ಬಿಟ್ಟ 153ಎ ಸೈನ್ಯದ ಜೀಪು ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದು. ಮಕ್ಕಳು ಗೋಡೆಗೆ ಗುದ್ದಿಸಿ ಗುದ್ದಿಸಿ ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ಹಾರಿ ಲೋಹ ಇಣುಕುತ್ತಿರುತ್ತದೆ. ಸಂಗ್ರಾಹಕ ಅದನ್ನು ಮುಟ್ಟುವುದಿಲ್ಲ. ಹೊಸ ಬಣ್ಣ ಬಳಿದರೆ ಬೆಲೆ ಬಿದ್ದುಹೋಗುತ್ತದೆಂದು ಅವನಿಗೆ ಗೊತ್ತು. ಆ ತರಚುಗಾಯವೇ ಯಾರದೋ ಬಾಲ್ಯದ ಪುರಾವೆ ಅನ್ನುತ್ತಾನೆ. ಅದೇ ಆಸಾಮಿ ಷೆಡ್ಡಿಗೆ ಹೋಗಿ ನಿಜವಾದ ಜೀಪಿನ ಬಣ್ಣ ಕಿತ್ತು, ಬರೀ ತಗಡಿಗಿಳಿಸಿ, ಪುಟ್ಟಿ ಹಚ್ಚುತ್ತಾನೆ! ಆಟಿಕೆಗೆ ತೋರಿದ ಮರ್ಯಾದೆಯಲ್ಲಿ ಅರ್ಧದಷ್ಟನ್ನು ಗಾಡಿಗೂ ತೋರಿದ್ದರೆ ನಮ್ಮಲ್ಲಿ ಎಷ್ಟೋ ಹೈ ಬಾನೆಟ್ಟುಗಳು ಉಳಿಯುತ್ತಿದ್ದವು.

ಕಾನೂನು ಈ ಗೋಜಲನ್ನು ಬಿಡಿಸಲಿಲ್ಲ. ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯಂತೆ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು, ಬಾಡಿಗೆಗೂ ಓಡಿಸುವಂತಿಲ್ಲ. ಬಂಗಲೆಯೊಳಗೆ ನಿಂತ ರಾಜಮನೆತನದ ಕಾರಿಗೆ ಇದು ಸರಿ. ಜೀಪಿಗೆ? ಪೆಟ್ರೋಲು ಕುಡಿದು ಸಾಕಾಗಿ ಡೀಸೆಲ್ ಇಂಜಿನ್ ಹಾಕಿಸಿಕೊಂಡಿದ್ದು, ಮುರಿದ ಸ್ಪ್ರಿಂಗ್ ಪಟ್ಟಿಗೆ ಲಾರಿಯದ್ದು ತುರುಕಿಸಿಕೊಂಡಿದ್ದು, ಲೇತಿನಲ್ಲಿ ತಿರುವಿದ ಬುಷ್ ಹಾಕಿಸಿಕೊಂಡಿದ್ದು, ಬದುಕಿದ್ದೇ ಹಾಗೆ. ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿ ಕಡೆಯಿಂದ ಮಾಂದಲಪಟ್ಟಿಗೆ ಬಾಡಿಗೆ ಜೀಪು ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೊರಕಲಿನಲ್ಲಿ ಡ್ರೈವರು ದೊಡ್ಡ ಗೇರಿನ ಪಕ್ಕದ ಗಿಡ್ಡ ಲಿವರ್ ಎಳೆದು ಫೋರ್‌ವೀಲ್ ಹಾಕಿದಾಗ ಕೆಳಗೆ ಕಟಕ್ ಅನ್ನುವ ಸದ್ದು ಯಾವ ಪ್ರದರ್ಶನದ ಗಾಡಿಯಲ್ಲೂ ನನಗೆ ಕೇಳಿಸಿಲ್ಲ. ಅವುಗಳನ್ನು ಟ್ರೇಲರಿನ ಮೇಲೆ ಹೇರಿಕೊಂಡು ತರುತ್ತಾರೆ.

ಫೋಟೋ ಸಂಗ್ರಹದ ಬಗ್ಗೆ ನನಗೆ ಹೆಚ್ಚು ಗೌರವ. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಕಂಪನಿ ನೇಗಿಲು ಕಟ್ಟಿ ಉಳುತ್ತಿರುವ ಜೀಪಿನ ಚಿತ್ರಗಳನ್ನು ಜಾಹೀರಾತಿಗಾಗಿ ತೆಗೆಸಿತ್ತು. ಮಾರಾಟದ ಚಿತ್ರಗಳಾದರೂ ಅವು ಕೆಲಸ ತೋರಿಸುತ್ತವೆ. ಒಂದನ್ನೇ ಆರಿಸು ಎಂದರೆ ಮಾತ್ರ ನಾನು ಫೋಟೋಗಳನ್ನೆಲ್ಲ ಬದಿಗಿಟ್ಟು ಬಿಲ್ ಮೋಲ್ಡಿನ್ ಬರೆದ ಯುದ್ಧಕಾಲದ ವ್ಯಂಗ್ಯಚಿತ್ರ ಹಿಡಿಯುತ್ತೇನೆ: ಹಳೇ ಕುದುರೆ ಪಡೆಯ ಸಾರ್ಜೆಂಟೊಬ್ಬ ಕಣ್ಣು ಮುಚ್ಚಿಕೊಂಡು, ಚಕ್ರ ಮುರಿದುಬಿದ್ದ ತನ್ನ ಜೀಪಿಗೆ ಪಿಸ್ತೂಲು ಗುರಿಯಿಟ್ಟಿದ್ದಾನೆ. ಗ್ರಿಲ್ಲಿನ ಸೀಳು ಎಷ್ಟೆಂದು ಅಲ್ಲಿ ಯಾರೂ ಎಣಿಸುವುದಿಲ್ಲ.

ನಮ್ಮ ಮನೆಗಳ ಆಲ್ಬಮ್ಮುಗಳಲ್ಲೂ ಇಂಥ ಸಾಕ್ಷ್ಯ ಬೇಕಾದಷ್ಟಿದೆ: ದಿಬ್ಬಣದ ಜೀಪು, ಬಾನೆಟ್ ಮೇಲೆ ಕೂತ ಮಕ್ಕಳು, ಹಿಂದೆ ಅಡಿಕೆ ಮೂಟೆ. ಹವ್ಯಾಸಿಗಳು ಅವನ್ನು ಹುಡುಕಿ ತರುತ್ತಾರೆ, ತಂದು ನೋಂದಣಿ ಸಂಖ್ಯೆ, ಮಾದರಿ, ಇಸವಿ ಬರೆದಿಡುತ್ತಾರೆ. ಸ್ಟೀರಿಂಗ್ ಹಿಡಿದು ನಿಂತವನು ಯಾರು, ಯಾವ ಊರಿನ ಯಾವ ಮೇಸ್ತ್ರಿ ಅದಕ್ಕೆ ಡೀಸೆಲ್ ಇಂಜಿನ್ ಕೂರಿಸಿದ, ಎಷ್ಟು ಕೊಟ್ಟರು ಎಂದು ಕೇಳಿ ಬರೆದುಕೊಂಡವರು ತೀರಾ ಕಡಿಮೆ. ಆ ಮೇಸ್ತ್ರಿಗಳಲ್ಲಿ ಕೆಲವರಾದರೂ ಇನ್ನೂ ಗ್ಯಾರೇಜಿನಲ್ಲಿದ್ದಾರೆ. ಬಾನೆಟ್ ಕತ್ತರಿಸಲು ಗಾಡಿ ಬಿಡುವುದು ಅವರ ಬಳಿಯೇ.