ಡಿಜೆ ಅಳೆಯಲು ದುಬಾರಿ ಮೀಟರ್ ಸಾಲದು

ಶಬ್ದಮಾಪಕ ಕೊಳ್ಳಹೊರಟವರಿಗೆ ಎಲ್ಲೆಡೆ ಸಿಗುವ ಸಲಹೆ ಒಂದೇ: ಮೊಬೈಲ್ ಆ್ಯಪ್ ನಂಬಬೇಡಿ, ಕ್ಲಾಸ್ 1 ಮೀಟರ್ ಕೊಳ್ಳಿ, ಅಷ್ಟು ದುಡ್ಡಿಲ್ಲದಿದ್ದರೆ ಕ್ಲಾಸ್ 2. ಮೊದಲ ಮಾತಿಗೆ ನನ್ನ ತಕರಾರಿಲ್ಲ. ಉಳಿದದ್ದು ನಮ್ಮ ಕೊಡೇಕಲ್‌ನಂಥ ಊರಿನ ಮಟ್ಟಿಗೆ ನಮ್ಮ ಗಮನವನ್ನೇ ದಾರಿ ತಪ್ಪಿಸುತ್ತದೆ. ಶಬ್ದಮಾಪಕಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಇಸಿ 61672 1000 ಹರ್ಟ್ಸ್‌ನಲ್ಲಿ ಕ್ಲಾಸ್ 1ಕ್ಕೆ 0.7 ಡೆಸಿಬೆಲ್, ಕ್ಲಾಸ್ 2ಕ್ಕೆ 1.0 ಡೆಸಿಬೆಲ್ ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಮಂದ್ರದಲ್ಲಿ ಈ ಅಂತರ ಹಿಗ್ಗುವುದು ನಿಜ. ಆದರೂ ಅದು ಒಂದೆರಡು ಡೆಸಿಬೆಲ್‌ನ ಮಾತು. ಅದೇ ಮೀಟರ್‌ನ ‘ಎ’ ತೂಕ, ಅಂದರೆ ಕಿವಿಗೆ ತಕ್ಕಂತೆ ಆವರ್ತನಗಳನ್ನು ಹೆಚ್ಚುಕಡಿಮೆ ಎಣಿಸುವ ಕ್ರಮ, 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬೆಲ್ ಕಳೆದುಬಿಡುತ್ತದೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಾಲಜ್ಞಾನದ ಕೊಡೇಕಲ್ ಬಸವಣ್ಣನ ಈ ಸೀಮೆಯಲ್ಲಿ ಹಲಗೆ, ಡೊಳ್ಳುಗಳ ಜೊತೆಗೆ ಈಗ ಡಿಜೆಯೂ ಬಂದಿದೆ. ಅದರ ಹೊಡೆತವಿರುವುದು ಬೇಸ್‌ನಲ್ಲಿ, ಅಂದರೆ ಮಂದ್ರದಲ್ಲಿ. 50 ಹರ್ಟ್ಸ್‌ನ 100 ಡೆಸಿಬೆಲ್ ನಾದವನ್ನು ‘ಎ’ಯಲ್ಲಿ ಅಳೆದರೆ 70, ಮಂದ್ರವನ್ನು ಅಷ್ಟಾಗಿ ಕಳೆಯದ ‘ಸಿ’ ತೂಕದಲ್ಲಿ ಅಳೆದರೆ ಹತ್ತಿರಹತ್ತಿರ 99. ಹಾಡಿನಲ್ಲಿ ಮೇಲಿನ ಸ್ವರಗಳೂ ಇರುತ್ತವಲ್ಲ ಎನ್ನಬಹುದು. ಬೀದಿಯಲ್ಲಿ ನಿಂತವರಿಗೆ ಇರುತ್ತವೆ. ಬಾಗಿಲು ಹಾಕಿಕೊಂಡು ಮಲಗಿದ ರೋಗಿಗೆ, ಹಸುಗೂಸಿಗೆ ಗೋಡೆ ದಾಟಿ ಬರುವುದು ಹೆಚ್ಚಾಗಿ ಬೇಸ್ ಮಾತ್ರ. ತಗಡನ್ನು ನಡುಗಿಸುವುದೂ ಅದೇ.

‘ಎ’ ತೂಕ ಕಿವಿಯ ಸ್ವಭಾವಕ್ಕೆ ಹೊಂದಿದೆ ಎಂಬ ಸಮರ್ಥನೆ ಅರ್ಧಸತ್ಯ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಪ್ರಕಟಿಸಿದ ಸಮಶ್ರವಣ ರೇಖೆಗಳಲ್ಲಿ 40 ಫೋನ್‌ನ (ಕಿವಿಗೆ ಕೇಳುವ ಜೋರಿನ ಮಾನ) ರೇಖೆ ಅದರ ಮೂಲ, ಅಂದರೆ ಮೆಲುದನಿಯ ರೇಖೆ. ಸದ್ದು ಏರಿದಂತೆ ಕಿವಿ ಮಂದ್ರವನ್ನು ಅಷ್ಟು ಕಡೆಗಣಿಸುವುದಿಲ್ಲ. ಪಿಸುಮಾತಿನ ಅಳತೆಗೋಲಿನಿಂದ ಗುಡುಗನ್ನು ಅಳೆಯುತ್ತಿದ್ದೇವೆ.

ಕಾನೂನು ಕೇಳುವುದೇ ‘ಎ’ ಅಲ್ಲವೇ? ಹೌದು, ಈ ಆಕ್ಷೇಪ ಗಟ್ಟಿಯಾದದ್ದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡಿಬಿ(ಎ) ಎನ್ನುತ್ತವೆ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಹೆಚ್ಚು ಅಥವಾ 75, ಯಾವುದು ಕಡಿಮೆಯೋ ಅದನ್ನು ಮೀರಕೂಡದು. ಆದರೆ ನಿಯಮದ ಪಟ್ಟಿಯಲ್ಲಿರುವ ಅಂಕಿಗಳು ಲೆಕ್ಯು, ಅಂದರೆ ಕಾಲಾವಧಿಯ ಶಕ್ತಿ ಸರಾಸರಿ. ಪರದೆಯ ಮೇಲೆ ಕುಣಿಯುವ ಗರಿಷ್ಠ ಅಂಕಿಯ ಫೋಟೋ ತೆಗೆದು ದೂರು ಕೊಟ್ಟರೆ ಅದು ನಿಲ್ಲುವುದು ಕಷ್ಟ. ಸರಾಸರಿ ಲೆಕ್ಕಹಾಕದ ಮೀಟರ್ ಎಷ್ಟೇ ನಿಖರವಾಗಿದ್ದರೂ ಈ ಕೆಲಸಕ್ಕೆ ಬಾರದು.

ಹಾಗಾಗಿ ನನ್ನ ಆಯ್ಕೆ: ಲೆಕ್ಯು ತೋರಿಸುವ, ‘ಎ’ ಮತ್ತು ‘ಸಿ’ ಎರಡನ್ನೂ ದಾಖಲಿಸುವ ಕ್ಲಾಸ್ 2 ಮೀಟರ್. ಉಳಿದ ಹಣದಲ್ಲಿ 94 ಡೆಸಿಬೆಲ್‌ನ ಕ್ಯಾಲಿಬ್ರೇಟರ್, ಗಾಳಿಗೆ ಸ್ಪಂಜಿನ ಕವಚ. ಅಳತೆಗೆ ಮುಂಚೆ, ಆಮೇಲೆ ಎರಡು ಸಲವೂ ಕ್ಯಾಲಿಬ್ರೇಟರ್ ಹಾಕಿ ನೋಡಬೇಕು. ‘ಸಿ’ಯಿಂದ ‘ಎ’ ಕಳೆದು ಉಳಿದದ್ದು 10 ಮೀರಿದರೆ ಆವರ್ತನವಾರು ವಿಶ್ಲೇಷಣೆ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯೇ ಹೇಳಿದೆ. ದೂರಿನ ಅರ್ಜಿಯಲ್ಲಿ ‘ಎ’ ಅಂಕಿಯ ಪಕ್ಕದಲ್ಲೇ ಈ ವ್ಯತ್ಯಾಸವನ್ನೂ ಬರೆಯಿರಿ.